ಬಡಿತ ಸರಿ ಮಾಡಬೇಕಿದ್ದ ಮಾತ್ರೆಯಿಂದಲೇ ಅಮ್ಮನ ಬಡಿತ ತಪ್ಪಿತು: ಸೋಟಲಾಲ್ ಬಗ್ಗೆ ಗೊತ್ತಿದ್ದವರು ಹೇಳಿ

ಮಳೆಬಿಲ್ಲು

ನಮ್ಮ ಅಮ್ಮನಿಗೆ 71 ವರ್ಷ. ಎರಡು ವರ್ಷದ ಹಿಂದೆ ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಬಡಿಯುವ ಕಾಯಿಲೆ, ಇದೆ ಅಂತ ಗೊತ್ತಾಯಿತು. ಇದ್ದಕ್ಕಿದ್ದ ಹಾಗೆ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಒಂದೆರಡು ಗಂಟೆ ಬಿಟ್ಟು ತಾನಾಗಿ ಸುಮ್ಮನಾಗುತ್ತಿತ್ತು. ಅದಕ್ಕೆ ಸೋಟಲಾಲ್ 80 ಮಿಲಿಗ್ರಾಂ ದಿನಕ್ಕೆ ಎರಡು ಹೊತ್ತು ಬರೆದುಕೊಟ್ಟರು. ಜೊತೆಗೆ ರಕ್ತ ಹೆಪ್ಪುಗಟ್ಟದಿರಲು ಇನ್ನೊಂದು ಮಾತ್ರೆ. ಒಂದೂವರೆ ವರ್ಷ ಅಮ್ಮ ಆರಾಮಾಗಿದ್ದಳು.

ಹೋದ ತಿಂಗಳು ವಾಂತಿ ಭೇದಿ ಶುರುವಾಯಿತು. ಮೂರು ದಿನ ನಿಲ್ಲಲೇ ಇಲ್ಲ. ಹತ್ತಿರದ ಡಾಕ್ಟರಿಗೆ ತೋರಿಸಿದೆವು. ವಾಂತಿಗೆ ಆಂಡಾನ್ಸೆಟ್ರಾನ್, ಸೋಂಕಿಗೆ ಅಜಿಥ್ರೋಮೈಸಿನ್ ಕೊಟ್ಟರು. ಸೋಟಲಾಲ್ ತಪ್ಪಿಸಬಾರದು ಅಂತ ನಾನೇ ಹೊತ್ತು ಹೊತ್ತಿಗೆ ಕೊಡುತ್ತಿದ್ದೆ. ನಾಲ್ಕನೇ ದಿನ ಬೆಳಗ್ಗೆ ಮಂಚದಿಂದ ಎದ್ದು ಎರಡು ಹೆಜ್ಜೆ ಇಟ್ಟವಳು ಹಾಗೇ ಕುಸಿದಳು. ಕಣ್ಣು ಮೇಲೆ ಸಿಕ್ಕಿಕೊಂಡಿತು, ಕೈ ಅದುರಿತು. ಅರ್ಧ ನಿಮಿಷದಲ್ಲಿ ಎಚ್ಚರ ಬಂತು. ನಾವು ಫಿಟ್ಸ್ ಅಂದುಕೊಂಡೆವು.

ಆಸ್ಪತ್ರೆಯಲ್ಲೂ ಮೊದಲು ತಲೆಯ ಸ್ಕ್ಯಾನ್ ಮಾಡಿಸಿದರು. ಅದರಲ್ಲಿ ಏನೂ ಇರಲಿಲ್ಲ. ಸಂಜೆ ವಾರ್ಡಿನಲ್ಲಿ ಮಾನಿಟರ್ ಹಾಕಿದ ಮೇಲೆ ನನ್ನ ಕಣ್ಣೆದುರೇ ಇನ್ನೊಂದು ಸಲ ಆಯಿತು. ಪರದೆಯ ಮೇಲಿನ ಗೆರೆ ಹುಚ್ಚು ಹಿಡಿದ ಹಾಗೆ ಸುತ್ತಿತು. ಡ್ಯೂಟಿ ಡಾಕ್ಟರು ನೋಡಿದ ಕೂಡಲೇ "ಟಾರ್ಸಾಡ್ಸ್, ಮೆಗ್ನೀಸಿಯಂ ತನ್ನಿ" ಅಂದರು. ಆಮೇಲೆ ಲೆಕ್ಕ ಹೇಳಿದರು. ಕ್ಯೂಟಿಸಿ 560. ಪೊಟ್ಯಾಸಿಯಂ 2.9. ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ ಮೊದಲು 0.9 ಇದ್ದದ್ದು ಈಗ 1.9.

ಅಮ್ಮ ಮನೆಗೆ ಬಂದಿದ್ದಾಳೆ. ಸೋಟಲಾಲ್ ನಿಲ್ಲಿಸಿದ್ದಾರೆ. ಆದರೆ ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಬಡಿತ ಸರಿ ಮಾಡಲು ಕೊಟ್ಟ ಮಾತ್ರೆ ಬಡಿತವನ್ನೇ ಕೆಡಿಸುತ್ತದೆ ಅಂದರೆ ಹೇಗೆ? ಒಂದೂವರೆ ವರ್ಷ ಸುಮ್ಮನಿದ್ದು ಈಗ ಯಾಕೆ? ಕೈಯಾರೆ ನಾನೇ ಮಾತ್ರೆ ಕೊಟ್ಟೆನಲ್ಲ. ಅದು ನನ್ನ ತಪ್ಪಾ?


ಇಸಿಜಿ_ಕೋಣೆ

ಮೊದಲು ಕೊನೆಯ ಪ್ರಶ್ನೆಗೆ ಉತ್ತರ. ನಿಮ್ಮ ತಪ್ಪಲ್ಲ ಮೇಡಂ. ಬರೆದುಕೊಟ್ಟ ಮಾತ್ರೆಯನ್ನು ಬರೆದುಕೊಟ್ಟ ಹಾಗೆ ಕೊಟ್ಟಿದ್ದೀರಿ.

ನಾನು 18 ವರ್ಷದಿಂದ ಇಸಿಜಿ ತೆಗೆಯುವ ಕೆಲಸ ಮಾಡುತ್ತಿದ್ದೇನೆ. ಡಾಕ್ಟರ್ ಅಲ್ಲ. ಆದರೆ ಈ ವಿಷಯ ದಿನಾ ಕಣ್ಣಿಗೆ ಬೀಳುತ್ತದೆ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಹೃದಯದ ಪ್ರತಿ ಜೀವಕೋಶವೂ ಒಂದು ಸಲ ಬಡಿದ ಮೇಲೆ ಮತ್ತೆ ಚಾರ್ಜ್ ಆಗಬೇಕು. ಕೋಶದೊಳಗಿನ ಪೊಟ್ಯಾಸಿಯಂ ಒಂದು ಬಾಗಿಲಿನಿಂದ ಹೊರಗೆ ಹೋದಾಗ ಅದು ಮುಂದಿನ ಬಡಿತಕ್ಕೆ ಸಿದ್ಧವಾಗುತ್ತದೆ. ಬಡಿತ ಶುರುವಾದಲ್ಲಿಂದ ಮತ್ತೆ ಸಿದ್ಧವಾಗುವ ತನಕ ಎಷ್ಟು ಹೊತ್ತು ಬೇಕು ಅನ್ನುವುದನ್ನು ಇಸಿಜಿಯಲ್ಲಿ ಕ್ಯೂಟಿ ಅಂತ ಅಳೆಯುತ್ತೇವೆ. ಬಡಿತದ ವೇಗಕ್ಕೆ ಸರಿಹೊಂದಿಸಿದರೆ ಅದೇ ಕ್ಯೂಟಿಸಿ. ಗಂಡಸರಲ್ಲಿ 450 ಮಿಲಿಸೆಕೆಂಡ್, ಹೆಂಗಸರಲ್ಲಿ 460ರ ಒಳಗಿದ್ದರೆ ಸರಿ. 500 ದಾಟಿತು ಅಂದರೆ ನಾವು ಕಾಗದ ಹಿಡಿದುಕೊಂಡು ಡಾಕ್ಟರ ಹತ್ತಿರ ಓಡುತ್ತೇವೆ.

ಸೋಟಲಾಲ್ ಮಾಡುವ ಕೆಲಸವೇ ಆ ಪೊಟ್ಯಾಸಿಯಂ ಬಾಗಿಲನ್ನು ಅರ್ಧ ಮುಚ್ಚುವುದು. ಕೋಶ ಸಿದ್ಧವಾಗುವುದು ತಡವಾಗುತ್ತದೆ. ಫಿಬ್ರಿಲೇಶನ್‌ನಲ್ಲಿ ದಾರಿ ತಪ್ಪಿದ ವಿದ್ಯುತ್ ಮೇಲಿನ ಕೋಣೆಗಳಲ್ಲಿ ಸುತ್ತುತ್ತಾ ಇರುತ್ತದೆ. ಅದು ತಿರುಗಿ ಬರುವಾಗ ಕೋಶ ಇನ್ನೂ ಸಿದ್ಧವಿಲ್ಲದಿದ್ದರೆ ಆ ಸುತ್ತು ಅಲ್ಲಿಗೇ ಸಾಯುತ್ತದೆ. ನಿಮ್ಮ ಅಮ್ಮನಿಗೆ ಒಂದೂವರೆ ವರ್ಷ ಆರಾಮ ಕೊಟ್ಟದ್ದು ಇದೇ. ಆದರೆ ಆ ತಡ ಒಂದು ಮಿತಿ ದಾಟಿತು ಅಂದುಕೊಳ್ಳಿ. ಕೆಳಗಿನ ಕೋಣೆಯ ಕೋಶಗಳು ಪೂರ್ತಿ ಸಿದ್ಧವಾಗುವ ಮುಂಚೆಯೇ ತಾವಾಗಿ ಮಿಡಿಯಲು ಶುರು ಮಾಡುತ್ತವೆ. ಆಗ ಬರುವುದೇ ಟಾರ್ಸಾಡ್ಸ್. ಈ ಹೆಸರು ಇಟ್ಟವರು ಫ್ರಾನ್ಸಿನ ಡಾಕ್ಟರ್ ದೆಸರ್ತೆನ್, 1966ರಲ್ಲಿ. ಗೆರೆಯ ಮೊನೆಗಳು ತಿರುಚಿಕೊಳ್ಳುವುದು ಅಂತ ಅರ್ಥ. ಹಗ್ಗ ಹೊಸೆದ ಹಾಗೆ ಕಾಣುತ್ತದೆ. ನೀವು ಪರದೆಯಲ್ಲಿ ನೋಡಿದ್ದು ಅದನ್ನೇ.

ಅಂದರೆ ಗುಣ ಮಾಡುವುದೂ ಅಪಾಯ ತರುವುದೂ ಒಂದೇ ಕೆಲಸ. ಬೇರೆ ಬೇರೆ ಅಲ್ಲ. ಈ ಮಾತ್ರೆಯ ವಿಷಯದಲ್ಲಿ ಜನರಿಗೆ ಅರ್ಥ ಮಾಡಿಸಲು ಕಷ್ಟವಾಗುವುದು ಇಲ್ಲಿಯೇ.

ಈಗ ಯಾಕೆ ಅಂತ ಕೇಳಿದಿರಿ. ವಾಂತಿ ಭೇದಿಯಲ್ಲಿ ಪೊಟ್ಯಾಸಿಯಂ, ಮೆಗ್ನೀಸಿಯಂ ಎರಡೂ ಹರಿದುಹೋಗುತ್ತವೆ. ಪೊಟ್ಯಾಸಿಯಂ ಕಡಿಮೆಯಾದರೆ ಆ ಬಾಗಿಲು ಇನ್ನಷ್ಟು ಮುಚ್ಚುತ್ತದೆ. ನೀರು ಕಡಿಮೆಯಾಗಿ ಕಿಡ್ನಿ ಸೋತಿತು. ಸೋಟಲಾಲ್ ಮೈಯಿಂದ ಹೊರಗೆ ಹೋಗುವುದು ಕಿಡ್ನಿಯಿಂದಲೇ. ಹಾಗಾಗಿ ನೀವು ಕೊಟ್ಟದ್ದು ಅದೇ 80 ಆದರೂ ರಕ್ತದಲ್ಲಿ ಉಳಿದದ್ದು ಅದಕ್ಕಿಂತ ತುಂಬಾ ಜಾಸ್ತಿ. ಮೇಲಿಂದ ಆಂಡಾನ್ಸೆಟ್ರಾನ್, ಅಜಿಥ್ರೋಮೈಸಿನ್ ಎರಡೂ ಕ್ಯೂಟಿ ಹೆಚ್ಚಿಸುವ ಔಷಧಿಗಳೇ. ಇನ್ನೂ ಒಂದು ಇದೆ. ಸೋಟಲಾಲ್ ಬೀಟಾ ಬ್ಲಾಕರ್ ಕೂಡ ಹೌದು, ಬಡಿತ ನಿಧಾನ ಮಾಡುತ್ತದೆ. ಬಡಿತ ನಿಧಾನವಾದಷ್ಟೂ ಕ್ಯೂಟಿ ಮೇಲೆ ಇದರ ಪ್ರಭಾವ ಜಾಸ್ತಿ. ಒಂದೊಂದನ್ನೇ ತಡೆದುಕೊಳ್ಳುತ್ತಿದ್ದ ಹೃದಯಕ್ಕೆ ನಾಲ್ಕೈದು ಒಟ್ಟಿಗೆ ಬಂದವು. ಹೆಂಗಸರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ, ಈ ಅಪಾಯ ಮೊದಲೇ ಸ್ವಲ್ಪ ಜಾಸ್ತಿ.


ಮಳೆಬಿಲ್ಲು

ಎರಡು ಸಲ ಓದಿದೆ ಸರ್. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಕಿಡ್ನಿಯ ವಿಷಯ ಓದುವಾಗ ಎದೆ ಝಲ್ ಅಂದಿತು. ಭೇದಿ ಆಗುವಾಗ ಮಾತ್ರೆ ಎಂದಿನ ಹಾಗೆ ಕೊಡಬೇಕಾ ಅಂತ ಒಂದು ಫೋನ್ ಮಾಡಿ ಕೇಳಬಹುದಿತ್ತು. ಕೇಳಬೇಕು ಅನ್ನುವುದೇ ಗೊತ್ತಿರಲಿಲ್ಲ.


ಸಂಜೆನಡಿಗೆ

ಇದನ್ನೆಲ್ಲ ಓದಿ ಕೈಕಾಲು ತಣ್ಣಗಾಗಿದೆ. ನಮ್ಮ ಅಪ್ಪ ಮೂರು ವರ್ಷದಿಂದ ಅಮಿಯೊಡರೋನ್ 200 ತೆಗೆದುಕೊಳ್ಳುತ್ತಿದ್ದಾರೆ. ಅದೂ ಇದೇ ಜಾತಿಯಾ? ಇವತ್ತು ರಾತ್ರಿಯ ಮಾತ್ರೆ ಕೊಡಬೇಕಾ ಬೇಡವಾ? ದಯವಿಟ್ಟು ಯಾರಾದರೂ ಬೇಗ ಹೇಳಿ.


ಔಷಧಿ_ಕೌಂಟರ್

ಕೊಡಿ. ನಿಲ್ಲಿಸಬೇಡಿ. ಮಾತ್ರೆ ನಿಲ್ಲಿಸುವ ತೀರ್ಮಾನ ನಾವು ನೀವು ಇಲ್ಲಿ ಕೂತು ಮಾಡುವಂಥದ್ದಲ್ಲ. ನಿಲ್ಲಿಸಿದರೆ ಹಳೆಯ ಕಾಯಿಲೆ ತಿರುಗಿ ಬರಬಹುದು. ಸೋಟಲಾಲ್ ಥರ ಬೀಟಾ ಬ್ಲಾಕರ್ ಗುಣ ಇರುವುದನ್ನು ದಿಢೀರ್ ಬಿಟ್ಟರೆ ಅದೇ ಬೇರೆ ತೊಂದರೆ ತರುತ್ತದೆ. ತಲೆಸುತ್ತಿ ಬಿದ್ದರು, ಎಚ್ಚರ ತಪ್ಪಿತು ಅಂದರೆ ಮಾತ್ರೆಯ ಲೆಕ್ಕ ಹಾಕುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಇಸಿಜಿ ನೋಡಿ ಅವರು ನಿಲ್ಲಿಸುತ್ತಾರೆ. ಅಪ್ಪನಿಗೆ ಈಗ ಹಾಗೇನೂ ಇಲ್ಲ ಅಲ್ವಾ?

ನಾನು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಅಮಿಯೊಡರೋನ್ ಬಗ್ಗೆ ಗೊತ್ತಿರುವುದನ್ನು ಹೇಳುತ್ತೇನೆ. ಇದೂ ಕ್ಯೂಟಿ ಉದ್ದ ಮಾಡುತ್ತದೆ. ಆದರೂ ಟಾರ್ಸಾಡ್ಸ್ ತರುವುದು ತೀರಾ ಅಪರೂಪ, ನೂರಕ್ಕೆ ಒಬ್ಬರಿಗಿಂತ ಕಡಿಮೆ. ಕೋಶಗಳೆಲ್ಲ ಹೆಚ್ಚುಕಡಿಮೆ ಒಂದೇ ಸಮನಾಗಿ ತಡವಾಗುತ್ತವೆ, ತಾವಾಗಿ ಮಿಡಿಯುವ ಚಾಳಿಯನ್ನೂ ಅದು ತಡೆಯುತ್ತದೆ ಅನ್ನುವುದು ಕಾರಣ. ಹೃದಯದ ಮಟ್ಟಿಗೆ ಅದರಲ್ಲಿ ಜಾಸ್ತಿ ಕಾಣುವುದು ಬಡಿತ ತೀರಾ ನಿಧಾನವಾಗುವುದು. ನಾಡಿ 50ಕ್ಕಿಂತ ಕೆಳಗೆ ಹೋದರೆ, ಕಣ್ಣು ಕತ್ತಲೆ ಬಂದರೆ ಹೇಳಬೇಕು.

ಅಮಿಯೊಡರೋನ್‌ನ ಕಷ್ಟ ಬೇರೆ ಕಡೆ. ಅದರ ತೂಕದಲ್ಲಿ ನೂರಕ್ಕೆ 37 ಪಾಲು ಅಯೋಡಿನ್. 200 ಮಿಲಿಗ್ರಾಂ ಮಾತ್ರೆಯಲ್ಲಿ 75 ಮಿಲಿಗ್ರಾಂನಷ್ಟು ಅಯೋಡಿನ್ ಇರುತ್ತದೆ. ಹಾಗಾಗಿ ಥೈರಾಯ್ಡ್ ಏರುಪೇರಾಗುತ್ತದೆ. ಥೈರಾಯ್ಡ್ ಜಾಸ್ತಿಯಾದರೆ ಫಿಬ್ರಿಲೇಶನ್ ಮತ್ತೆ ಶುರುವಾಗಬಹುದು. ಮಾತ್ರೆ ಕೆಲಸ ಮಾಡುತ್ತಿಲ್ಲ ಅಂತ ಡೋಸ್ ಏರಿಸುವ ಮುಂಚೆ ಥೈರಾಯ್ಡಿನ ರಕ್ತಪರೀಕ್ಷೆಯಾದ ಟಿಎಸ್‌ಎಚ್ ನೋಡಲೇಬೇಕು. ಶ್ವಾಸಕೋಶ, ಲಿವರ್, ಕಣ್ಣು, ಚರ್ಮ ಇವುಗಳ ಮೇಲೂ ಪರಿಣಾಮ ಇದೆ. ಆರು ತಿಂಗಳಿಗೊಮ್ಮೆ ಥೈರಾಯ್ಡ್ ಮತ್ತು ಲಿವರ್ ರಕ್ತಪರೀಕ್ಷೆ, ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ಮತ್ತು ಇಸಿಜಿ ಆಗುತ್ತಿದೆಯಾ ನೋಡಿಕೊಳ್ಳಿ. ಕೆಮ್ಮು, ಉಬ್ಬಸ ಹೊಸದಾಗಿ ಬಂದರೆ ಸುಮ್ನೆ ಶೀತ ಅಂತ ಬಿಡಬೇಡಿ. ಇನ್ನೊಂದು ವಿಷಯ. ಇದು ಕೊಬ್ಬಿನಲ್ಲಿ ಸೇರಿಕೊಂಡು ತಿಂಗಳುಗಟ್ಟಲೆ ಮೈಯಲ್ಲೇ ಇರುತ್ತದೆ. ಅರ್ಧಕ್ಕೆ ಇಳಿಯಲು ಸರಾಸರಿ 58 ದಿನ ಬೇಕು. ಇವತ್ತಿನ ಒಂದು ಮಾತ್ರೆ ಬಿಟ್ಟರೆ ನಾಳೆ ಅಪಾಯ ಕಡಿಮೆಯಾಗುವುದಿಲ್ಲ.


ಸಂಜೆನಡಿಗೆ

ಕೊಟ್ಟೆ. ಅಪ್ಪ ಮಲಗಿದ್ದಾರೆ. ನಾಡಿ ಎಣಿಸಿದೆ, 58 ಇದೆ. ಕೊನೆಯ ಥೈರಾಯ್ಡ್ ರಿಪೋರ್ಟ್ ಹುಡುಕಿದರೆ ಎರಡು ವರ್ಷ ಹಳೆಯದು. ಈ ವಾರವೇ ಕರೆದುಕೊಂಡು ಹೋಗುತ್ತೇನೆ. ತುಂಬಾ ಥ್ಯಾಂಕ್ಸ್ ಅಕ್ಕ.


ಓಟಗಾರ_44

ಸೋಟಲಾಲ್ ಒಂದೇ ಅಲ್ಲ. ನನ್ನದು ಫ್ಲೆಕೈನೈಡ್ ಕಥೆ. ಅದರ ದಾರಿಯೇ ಬೇರೆ, ಅದಕ್ಕೇ ಬರೆಯುತ್ತಿದ್ದೇನೆ.

ನನಗೂ ಏಟ್ರಿಯಲ್ ಫಿಬ್ರಿಲೇಶನ್. ಹೃದಯದ ರಚನೆ ಚೆನ್ನಾಗಿದೆ, ರಕ್ತನಾಳದಲ್ಲಿ ಅಡ್ಡಿ ಇಲ್ಲ ಅಂತ ನೋಡಿ ಫ್ಲೆಕೈನೈಡ್ 100 ಎರಡು ಹೊತ್ತು ಕೊಟ್ಟರು. ಮೊದಲ ಸಲ ಬರೆದುಕೊಟ್ಟವರು ಅದೊಂದನ್ನೇ ಕೊಟ್ಟಿದ್ದರು. ಮೂರು ವಾರ ಆದ ಮೇಲೆ ಮೆಟ್ಟಿಲು ಹತ್ತುವಾಗ ಎದೆ ಒಮ್ಮೆಲೇ ಹಾರತೊಡಗಿತು. ಹಿಂದಿನ ಥರ ಹೆಚ್ಚುಕಡಿಮೆ ಬಡಿತ ಅಲ್ಲ. ಒಂದೇ ಸಮ, ಭಯಂಕರ ವೇಗ. ಕೂತಲ್ಲೇ ಬೆವರಿ ಮುದ್ದೆಯಾದೆ. ಇಸಿಜಿಯಲ್ಲಿ 210. ಗೆರೆ ಅಗಲವಾಗಿತ್ತು. ಕೆಳಗಿನ ಕೋಣೆಯ ಟ್ಯಾಕಿಕಾರ್ಡಿಯಾ, ಅಂದರೆ ಅಲ್ಲಿಂದಲೇ ಹುಟ್ಟಿದ ವೇಗದ ಬಡಿತ, ಅಂದುಕೊಂಡು ಶಾಕ್ ಕೊಟ್ಟರು. ಸರಿಹೋಯಿತು.

ಆಮೇಲೆ ಹೃದಯದ ವಿದ್ಯುತ್ ತೊಂದರೆ ನೋಡುವ ಎಲೆಕ್ಟ್ರೋಫಿಸಿಯಾಲಜಿ ಡಾಕ್ಟರು ಕಾಗದದ ಮೇಲೆ ಬರೆದು ತೋರಿಸಿದರು. ಫ್ಲೆಕೈನೈಡ್ ಫಿಬ್ರಿಲೇಶನ್ ಅನ್ನು ಕೆಲವೊಮ್ಮೆ ಏಟ್ರಿಯಲ್ ಫ್ಲಟರ್ ಆಗಿ ಬದಲಾಯಿಸುತ್ತದೆ. ಮಾತ್ರೆ ಇಲ್ಲದಿದ್ದರೆ ಫ್ಲಟರ್‌ನಲ್ಲಿ ಮೇಲಿನ ಕೋಣೆ ನಿಮಿಷಕ್ಕೆ ಸುಮಾರು 300 ಸಲ ಬಡಿಯುತ್ತದೆ. ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವೆ ವಿದ್ಯುತ್ ದಾಟಿಸುವ ಎವಿ ನೋಡ್ ಅದರಲ್ಲಿ ಅರ್ಧವನ್ನು ಮಾತ್ರ ಕೆಳಗೆ ಬಿಡುತ್ತದೆ. ಆಗ ನಾಡಿ 150. ಮಾತ್ರೆ ಮೇಲಿನ ವೇಗವನ್ನು 200ರ ಆಸುಪಾಸಿಗೆ ಇಳಿಸುತ್ತದೆ. ಕೇಳಲು ಒಳ್ಳೆಯದೇ ಅಲ್ವಾ? ಆದರೆ 300 ತಡೆಯುತ್ತಿದ್ದ ಎವಿ ನೋಡ್ 200 ಅನ್ನು ಒಂದೂ ಬಿಡದೆ ಕೆಳಗೆ ಕಳಿಸುತ್ತದೆ. ಮೇಲೆ ನಿಧಾನವಾಯಿತು, ಕೆಳಗೆ ಜೋರಾಯಿತು. ಅದಕ್ಕೇ ಫ್ಲೆಕೈನೈಡ್ ಜೊತೆ ಎವಿ ನೋಡ್ ಅನ್ನು ಹಿಡಿದಿಡಲು ಬೀಟಾ ಬ್ಲಾಕರ್ ಅಥವಾ ಡಿಲ್ಟಿಯಾಜೆಮ್ ಥರದ್ದು ಕೊಡುತ್ತಾರೆ. ನನಗೆ ಈಗ ಮೆಟೊಪ್ರೊಲಾಲ್ ಜೊತೆಗಿದೆ.

ನಿಮ್ಮ ಅಮ್ಮನ ಮಾತ್ರೆ ನಿಧಾನ ಬಡಿತದಲ್ಲಿ ಅಪಾಯ. ನನ್ನದು ವೇಗದ ಬಡಿತದಲ್ಲಿ. ಬಡಿತ ಜೋರಾದಷ್ಟೂ ಇದು ಸೋಡಿಯಂ ಬಾಗಿಲನ್ನು ಜಾಸ್ತಿ ಮುಚ್ಚುತ್ತದೆ, ಇಸಿಜಿಯಲ್ಲಿ ಕೆಳಗಿನ ಕೋಣೆಯ ಬಡಿತ ತೋರಿಸುವ ಗೆರೆ ಅಂದರೆ ಕ್ಯೂಆರ್‌ಎಸ್ ಅಗಲವಾಗುತ್ತದೆ. ಅದಕ್ಕೇ ಮಲಗಿಸಿ ತೆಗೆದ ಇಸಿಜಿ ಸಾಲದು ಅಂತ ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡಿದರು. ಕ್ಯೂಆರ್‌ಎಸ್ ಮೊದಲಿಗಿಂತ ನೂರಕ್ಕೆ 25 ಪಾಲು ಅಗಲವಾದರೆ ಡೋಸ್ ಇಳಿಸಬೇಕು ಅಥವಾ ನಿಲ್ಲಿಸಬೇಕು ಅಂದರು. ನನ್ನದು ಅಷ್ಟಾಗಲಿಲ್ಲ. ಈಗ ಎರಡು ವರ್ಷದಿಂದ ಚೆನ್ನಾಗಿದ್ದೇನೆ, ಓಡುತ್ತಿದ್ದೇನೆ ಕೂಡ.


ಮೂರನೇ_ಮಹಡಿ

ಇಷ್ಟೆಲ್ಲ ಗೊತ್ತಿದ್ದೂ ಇಂಥ ಮಾತ್ರೆಗಳನ್ನು ಯಾಕೆ ಮಾರುತ್ತಾರೆ? ನನ್ನ ಅಣ್ಣನೂ ಹೀಗೇ ಒಂದು ದಿನ ಬಿದ್ದ. ಅವನು ಏಳಲಿಲ್ಲ. ಯಾವ ಮಾತ್ರೆ ತಿನ್ನುತ್ತಿದ್ದ ಅಂತ ಆಮೇಲೆ ಯಾರೂ ವಿಚಾರಿಸಲೂ ಇಲ್ಲ. ಇವೆಲ್ಲ ಪೂರ್ತಿ ನಿಲ್ಲಬೇಕು.


ಹಳೆಯ_ಓದುಗ

ಮೂರನೇ_ಮಹಡಿ ಅವರೇ, ನಿಮ್ಮ ಅಣ್ಣನ ವಿಷಯ ಓದಿ ತುಂಬಾ ನೋವಾಯಿತು. ನಿಮ್ಮ ಸಿಟ್ಟಿನಲ್ಲಿ ತಪ್ಪೇನೂ ಇಲ್ಲ. ಈ ಪ್ರಶ್ನೆಯನ್ನು ಡಾಕ್ಟರುಗಳೇ ತಮಗೆ ತಾವು ಕೇಳಿಕೊಂಡ ಒಂದು ಘಟ್ಟ ಇದೆ. ನಾನು ಈಗ ನಿವೃತ್ತ, ಮೊದಲು ಮೆಡಿಸಿನ್ ವಾರ್ಡಿನಲ್ಲಿ ಕೆಲಸ ಮಾಡಿದವನು. ಆ ಕಾಲವನ್ನು ಕಂಡಿದ್ದೇನೆ.

ಇದು ಹೊಸ ಸಮಸ್ಯೆ ಅಲ್ಲ. 1918ರಲ್ಲಿ ಜರ್ಮನಿಯ ವಾಲ್ಟರ್ ಫ್ರೇ ಸಿಂಕೋನಾ ತೊಗಟೆಯಿಂದ ಬರುವ ಕ್ವಿನಿಡಿನ್ ಅನ್ನು ಫಿಬ್ರಿಲೇಶನ್‌ಗೆ ಬಳಸಿದರು. ಕೆಲಸ ಮಾಡಿತು. ಅದನ್ನು ತೆಗೆದುಕೊಂಡ ಕೆಲವರು ಇದ್ದಕ್ಕಿದ್ದಂತೆ ಎಚ್ಚರ ತಪ್ಪಿ ಬೀಳುತ್ತಿದ್ದರು. ಅದಕ್ಕೆ ಕ್ವಿನಿಡಿನ್ ಸಿಂಕೊಪಿ ಅಂತಲೇ ಹೆಸರಾಯಿತು. ಬೀಳುವ ಹೊತ್ತಿನಲ್ಲಿ ಕೆಳಗಿನ ಕೋಣೆಗಳು ಕಂಪಿಸುತ್ತಿರುತ್ತವೆ ಅಂತ 1964ರಲ್ಲಿ ಇಸಿಜಿ ಸಮೇತ ತೋರಿಸಿದವರು ಸೆಲ್ಜರ್ ಮತ್ತು ರೇ.

ದೊಡ್ಡ ಪೆಟ್ಟು ಬಿದ್ದದ್ದು 1989ರಲ್ಲಿ. ಹಾರ್ಟ್ ಅಟ್ಯಾಕ್ ಆದವರಲ್ಲಿ ಕೆಳಗಿನ ಕೋಣೆಯಿಂದ ಆಗಾಗ ಹೆಚ್ಚುವರಿ ಬಡಿತ ಬಂದರೆ ಸಾವಿನ ಅಪಾಯ ಜಾಸ್ತಿ. ಇದು ಎಲ್ಲರಿಗೂ ಗೊತ್ತಿತ್ತು. ಹಾಗಾದರೆ ಆ ಬಡಿತಗಳನ್ನು ಮಾತ್ರೆಯಿಂದ ಅಳಿಸಿಬಿಟ್ಟರೆ ಜನ ಉಳಿಯುತ್ತಾರೆ ಅಂತ ಎಲ್ಲರೂ ನಂಬಿದ್ದೆವು. ನಾನೂ ನಂಬಿದ್ದೆ. ಅದನ್ನು ಪರೀಕ್ಷಿಸಲು ಅಮೆರಿಕದಲ್ಲಿ ಕಾಸ್ಟ್ ಅನ್ನುವ ಅಧ್ಯಯನ ನಡೆಯಿತು. ಫ್ಲೆಕೈನೈಡ್, ಎನ್ಕೈನೈಡ್, ಮೊರಿಸಿಜಿನ್ ಮೂರು ಮಾತ್ರೆಗಳು. ಯಾರಲ್ಲಿ ಮಾತ್ರೆ ಹೆಚ್ಚುವರಿ ಬಡಿತವನ್ನು ನಿಜವಾಗಿ ಅಳಿಸುತ್ತದೆಯೋ ಅವರನ್ನೇ ಆರಿಸಿಕೊಂಡರು. ಅಂದರೆ ಇಸಿಜಿ ನೋಡಿದರೆ ಔಷಧಿ ಗೆದ್ದಿದೆ ಅನ್ನಬೇಕು. ಆದರೂ ಮೊದಲ ಎರಡು ಮಾತ್ರೆಗಳ ಗುಂಪನ್ನು ಅರ್ಧದಲ್ಲೇ ನಿಲ್ಲಿಸಬೇಕಾಯಿತು. ಸರಾಸರಿ 10 ತಿಂಗಳಲ್ಲಿ, ಆ ಮಾತ್ರೆ ತೆಗೆದುಕೊಂಡ 755 ಜನರಲ್ಲಿ 63 ಮಂದಿ ತೀರಿಕೊಂಡಿದ್ದರು. ಬರೀ ಸಕ್ಕರೆ ಮಾತ್ರೆಯಂಥದ್ದನ್ನು ತೆಗೆದುಕೊಂಡ 743 ಜನರಲ್ಲಿ 26. ಉಳಿಸಬೇಕಾದ ಮಾತ್ರೆ ಎರಡು ಪಟ್ಟಿಗಿಂತ ಜಾಸ್ತಿ ಜನರನ್ನು ಕೊಂದಿತ್ತು. ಅಷ್ಟರೊಳಗೆ ಜಗತ್ತಿನಾದ್ಯಂತ ಎಷ್ಟೋ ಜನರಿಗೆ ಅವನ್ನು ಬರೆದುಕೊಟ್ಟಾಗಿತ್ತು. ಆ ವರದಿ ಓದಿದ ದಿನ ನನ್ನ ವಾರ್ಡಿನ ಹಳೆಯ ಕೇಸ್ ಶೀಟುಗಳು ಒಂದೊಂದಾಗಿ ನೆನಪಾದವು. ಇವತ್ತಿಗೂ ಆಗುತ್ತವೆ.

ಎನ್ಕೈನೈಡ್ 1991ರಲ್ಲಿ ಮಾರುಕಟ್ಟೆಯಿಂದ ಹೋಯಿತು. ಫ್ಲೆಕೈನೈಡ್ ಉಳಿಯಿತು. ಹಾರ್ಟ್ ಅಟ್ಯಾಕ್ ಆದವರಿಗೆ, ಹೃದಯದ ಸ್ನಾಯು ಸೋತವರಿಗೆ ಅದನ್ನು ಕೊಡಬಾರದು ಅನ್ನುವ ಗೆರೆ ಬಿತ್ತು. ಗಾಯದ ಕಲೆ ಇರುವ ಸ್ನಾಯುವಿನಲ್ಲಿ ವಿದ್ಯುತ್ತನ್ನು ನಿಧಾನ ಮಾಡಿದರೆ ಅದು ಕಲೆಯ ಸುತ್ತ ಸುತ್ತಲು ದಾರಿ ಮಾಡಿಕೊಟ್ಟ ಹಾಗೆ. ಓಟಗಾರ ಅವರಿಗೆ ಮೊದಲು ಹೃದಯದ ರಚನೆ ನೋಡಿದ್ದು ಇದೇ ಕಾರಣಕ್ಕೆ. ಅಂಥ ತೊಂದರೆ ಇಲ್ಲದ ಹೃದಯದಲ್ಲಿ ಅದು ಈಗಲೂ ಒಳ್ಳೆಯ ಔಷಧಿ.

1996ರಲ್ಲಿ ಸ್ವೋರ್ಡ್ ಅನ್ನುವ ಅಧ್ಯಯನದಲ್ಲೂ ಇದೇ ಕಥೆ. ಅದರಲ್ಲಿದ್ದದ್ದು ಡಿ-ಸೋಟಲಾಲ್, ಅಂದರೆ ಬೀಟಾ ಬ್ಲಾಕರ್ ಗುಣ ಇಲ್ಲದ ಸೋಟಲಾಲ್. 3121 ಜನ. ಮಾತ್ರೆ ತೆಗೆದುಕೊಂಡವರಲ್ಲಿ 78 ಸಾವು, ತೆಗೆದುಕೊಳ್ಳದವರಲ್ಲಿ 48. ಮಳೆಬಿಲ್ಲು ಅವರ ಅಮ್ಮ ತೆಗೆದುಕೊಂಡದ್ದು ಬೀಟಾ ಬ್ಲಾಕರ್ ಗುಣವೂ ಇರುವ ಮಾಮೂಲಿ ಸೋಟಲಾಲ್. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಪೂರ್ತಿ ನಿಲ್ಲಿಸಬೇಕು ಅಂದಿರಿ. ನಾನು ಒಪ್ಪುವುದಿಲ್ಲ. ಫಿಬ್ರಿಲೇಶನ್ ಬಂದಾಗ ಎರಡು ಹೆಜ್ಜೆ ನಡೆಯಲಾಗದ ಜನ ಈ ಮಾತ್ರೆಯಿಂದ ಎದ್ದು ಓಡಾಡುವುದನ್ನು ನೋಡಿದ್ದೇನೆ. ಆದರೆ ಕೊಟ್ಟು ಮರೆಯುವ ಮಾತ್ರೆ ಅಲ್ಲ ಇದು. ಅಮೆರಿಕದಲ್ಲಿ ಸೋಟಲಾಲ್ ಶುರು ಮಾಡುವಾಗ ಕನಿಷ್ಠ 3 ದಿನ ಮಾನಿಟರ್ ಇರುವ ಜಾಗದಲ್ಲಿ ಇಟ್ಟುಕೊಳ್ಳಬೇಕು ಅಂತ ಔಷಧಿಯ ಅಧಿಕೃತ ಸೂಚನೆಯಲ್ಲೇ ಇದೆ. ಕ್ಯೂಟಿ ಮೊದಲೇ 450 ದಾಟಿದ್ದರೆ ಶುರುವೇ ಮಾಡಬಾರದು. ಕಿಡ್ನಿಯ ಶಕ್ತಿ ಅಂದರೆ ಕ್ರಿಯಾಟಿನಿನ್ ಕ್ಲಿಯರೆನ್ಸ್ 60ಕ್ಕಿಂತ ಕೆಳಗಿದ್ದರೆ ದಿನಕ್ಕೆ ಒಂದೇ ಹೊತ್ತು. 40ಕ್ಕಿಂತ ಕೆಳಗಿದ್ದರೆ ಫಿಬ್ರಿಲೇಶನ್‌ಗೆ ಅಂತ ಕೊಡುವ ಹಾಗೇ ಇಲ್ಲ.


ಮೂರನೇ_ಮಹಡಿ

ಸರ್, ನೀವು ಹಳೆಯ ಕೇಸ್ ಶೀಟ್ ಅಂದದ್ದು ಮನಸ್ಸಿಗೆ ನಾಟಿತು. ನಮ್ಮ ಅಣ್ಣನಿಗೆ ಎಂಟು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿತ್ತು. ಅವನ ಚೀಟಿಗಳು ಇನ್ನೂ ಕಪಾಟಿನಲ್ಲಿವೆ. ಇಲ್ಲಿ ತನಕ ತೆರೆಯಲು ಧೈರ್ಯ ಬಂದಿಲ್ಲ.


ಹಳೆಯ_ಓದುಗ

ತೆರೆಯಲೇಬೇಕು ಅಂತಿಲ್ಲ. ತೆರೆದರೆ ಒಬ್ಬರೇ ಕೂತು ತೆರೆಯಬೇಡಿ. ಅಂಥ ಹೃದಯದಲ್ಲಿ ಮಾತ್ರೆ ಇಲ್ಲದೆಯೂ ಹೀಗಾಗುತ್ತದೆ, ಅದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ನನಗೆ ಖಾಸಗಿಯಾಗಿ ಬರೆಯಿರಿ. ಒಟ್ಟಿಗೆ ಓದೋಣ.


ಪುಟ್ಟಕ್ಕ

ಒಂದು ಸಣ್ಣ ಪ್ರಶ್ನೆ. ನನ್ನ ಕೈಗಡಿಯಾರದಲ್ಲಿ ಇಸಿಜಿ ಬರುತ್ತದೆ. ಸೋಟಲಾಲ್ ತೆಗೆದುಕೊಳ್ಳುವವರು ಅದರಲ್ಲೇ ಕ್ಯೂಟಿ ನೋಡಿಕೊಳ್ಳಬಹುದಾ?


ಇಸಿಜಿ_ಕೋಣೆ

ಅದನ್ನೇ ನಂಬಬೇಡಿ ಪುಟ್ಟಕ್ಕ. ಅದು ಒಂದೇ ಕಡೆಯಿಂದ ನೋಡುತ್ತದೆ. ನಾವು 12 ಲೀಡ್ ಹಾಕಿ 12 ಕಡೆಯಿಂದ ನೋಡುವುದು, ಕ್ಯೂಟಿಯ ಕೊನೆ ತೋರಿಸುವ ಟಿ ಅಲೆ ಎಲ್ಲಿ ಮುಗಿಯಿತು ಅಂತ ಚೆನ್ನಾಗಿ ಕಾಣುವ ಲೀಡ್ ಹುಡುಕಲು. ದೊಡ್ಡ ಯಂತ್ರ ತಾನೇ ಬರೆಯುವ ಕ್ಯೂಟಿಸಿ ಕೂಡ ತಪ್ಪಾಗುವುದುಂಟು. ಯಂತ್ರಗಳು ಸಾಮಾನ್ಯವಾಗಿ ಬಳಸುವುದು 1920ರ ಬಾಜೆಟ್ ಸೂತ್ರ. ಬಡಿತ ಜೋರಿದ್ದಾಗ ಅದು ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಫಿಬ್ರಿಲೇಶನ್ ಇದ್ದಾಗ ಒಂದೊಂದು ಬಡಿತಕ್ಕೆ ಒಂದೊಂದು ಲೆಕ್ಕ, ಸರಾಸರಿ ತೆಗೆಯಬೇಕು. ಅದಕ್ಕೇ ಅನುಭವ ಇರುವವರು ಕೈಯಿಂದ ಅಳೆಯುತ್ತಾರೆ. ಗಡಿಯಾರ ಬೇರೆ ವಿಷಯಕ್ಕೆ ಒಳ್ಳೆಯದು. ಎದೆ ಹಾರಿದಾಗ, ತಲೆ ತಿರುಗಿದಾಗ ಒಂದು ಗೆರೆ ಹಿಡಿದಿಟ್ಟರೆ ಡಾಕ್ಟರಿಗೆ ತುಂಬಾ ಸಹಾಯ. ನಾವು ಇಸಿಜಿ ತೆಗೆಯುವ ಹೊತ್ತಿಗೆ ಎಲ್ಲ ಸರಿಹೋಗಿರುತ್ತದೆ, ಅದೇ ನಮ್ಮ ಕಷ್ಟ.

ಒಂದು ಕೋರಿಕೆ. ಮಾತ್ರೆ ಶುರು ಮಾಡುವ ಮುಂಚಿನ ಇಸಿಜಿ ಕಾಗದವನ್ನು ಜೋಪಾನ ಮಾಡಿ. ಶಾಯಿ ಮಾಸುತ್ತದೆ, ಫೋಟೋ ತೆಗೆದಿಡಿ. ಈಗಿನದು 480 ಅಂದರೆ ಮೊದಲು ಎಷ್ಟಿತ್ತು ಅನ್ನುವುದು ಗೊತ್ತಾಗಬೇಕು. 470ರಿಂದ 480 ಆದದ್ದಕ್ಕೂ 400ರಿಂದ 480 ಆದದ್ದಕ್ಕೂ ತುಂಬಾ ವ್ಯತ್ಯಾಸ.


ಔಷಧಿ_ಕೌಂಟರ್

ಮಳೆಬಿಲ್ಲು ಅವರ ಮೊದಲ ಬರಹ ಓದಿದಾಗಿನಿಂದ ಒಂದು ವಿಷಯ ಕೊರೆಯುತ್ತಿದೆ. ಕೆಲವು ವರ್ಷದ ಹಿಂದೆ ನಾನೂ ಹೀಗೇ ಒಬ್ಬ ಅಜ್ಜಿಗೆ ಅಜಿಥ್ರೋಮೈಸಿನ್ ಕೊಟ್ಟಿದ್ದೆ. ಚೀಟಿ ಇತ್ತು, ಕೊಟ್ಟೆ. ಹಣ ತೆಗೆದುಕೊಳ್ಳುವಾಗ ಅವರ ಚೀಲದಲ್ಲಿ ಸೋಟಲಾಲ್ ಪಟ್ಟಿ ಕಂಡಿತು. ಓಡಿ ಹೋಗಿ ಬೀದಿಯಲ್ಲಿ ನಿಲ್ಲಿಸಿ ವಾಪಸ್ ತೆಗೆದುಕೊಂಡೆ. ಡಾಕ್ಟರಿಗೆ ಫೋನ್ ಮಾಡಿದಾಗ ಅವರು ಬೇರೆ ಔಷಧಿ ಬರೆದರು. ಆ ಪಟ್ಟಿ ಕಾಣದೇ ಹೋಗಿದ್ದರೆ? ಆವತ್ತಿನಿಂದ ಪ್ರತಿಯೊಬ್ಬರಿಗೂ "ಹೃದಯದ ಮಾತ್ರೆ ಏನಾದರೂ ನಡೀತಿದೆಯಾ" ಅಂತ ಕೇಳದೆ ಆಂಟಿಬಯಾಟಿಕ್ ಕೊಟ್ಟಿಲ್ಲ.

ಸೋಟಲಾಲ್ ಮನೆಯಲ್ಲಿದ್ದರೆ ಈ ಹೆಸರುಗಳನ್ನು ಕೇಳಿದಾಗ ಒಂದು ನಿಮಿಷ ನಿಲ್ಲಿ. ಸೋಂಕಿನ ಔಷಧಿಗಳಲ್ಲಿ ಅಜಿಥ್ರೋಮೈಸಿನ್, ಕ್ಲಾರಿಥ್ರೋಮೈಸಿನ್, ಎರಿಥ್ರೋಮೈಸಿನ್, ಲಿವೋಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್. ಫಂಗಸ್‌ಗೆ ಕೊಡುವ ಫ್ಲುಕೊನಜೋಲ್. ವಾಂತಿಗೆ ಆಂಡಾನ್ಸೆಟ್ರಾನ್, ಡಾಂಪೆರಿಡೋನ್. ಮನಸ್ಸಿನ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್, ಎಸಿಟಾಲೊಪ್ರಾಮ್. ಕೀಲುನೋವಿಗೆ ಕೊಡುವ ಹೈಡ್ರಾಕ್ಸಿಕ್ಲೋರೊಕ್ವಿನ್. ಮೂತ್ರ ಹೋಗುವ ಮಾತ್ರೆಗಳು ನೇರವಾಗಿ ಅಲ್ಲ, ಪೊಟ್ಯಾಸಿಯಂ ಇಳಿಸಿ ಅಪಾಯ ತರುತ್ತವೆ. ಒಮೆಪ್ರಜೋಲ್ ಥರದ ಗ್ಯಾಸ್ಟ್ರಿಕ್ ಮಾತ್ರೆ ವರ್ಷಗಟ್ಟಲೆ ನುಂಗಿದರೆ ಮೆಗ್ನೀಸಿಯಂ ಇಳಿಯಬಹುದು. ಇದು ಪೂರ್ತಿ ಪಟ್ಟಿ ಅಲ್ಲ. ಕ್ರೆಡಿಬಲ್‌ಮೆಡ್ಸ್ ಅನ್ನುವ ಸಂಸ್ಥೆ ಇಂಥ ಔಷಧಿಗಳನ್ನು ಅಪಾಯದ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿ ಇಟ್ಟಿದೆ, ಡಾಕ್ಟರುಗಳೂ ಅದನ್ನು ನೋಡುತ್ತಾರೆ.

ಈ ಔಷಧಿಗಳು ಕೆಟ್ಟವು ಅಂತಲ್ಲ. ಕೆಲವೊಮ್ಮೆ ಬೇರೆ ದಾರಿ ಇಲ್ಲದೆ ಇಸಿಜಿ ನೋಡಿಕೊಂಡು ಕೊಡಲೂಬಹುದು. ಬರೆಯುವವರಿಗೆ ಸೋಟಲಾಲ್ ಇದೆ ಅಂತ ಗೊತ್ತಿರಬೇಕು, ಅಷ್ಟೇ. ಹಲ್ಲಿನ ಡಾಕ್ಟರಿಗೂ ಹೇಳಿ. ವಾಂತಿ ಭೇದಿ ಶುರುವಾದರೆ, ಊಟ ಸೇರದೇ ಹೋದರೆ ಅವತ್ತೇ ಹೃದಯದ ಡಾಕ್ಟರಿಗೆ ಫೋನ್ ಮಾಡಿ ಈ ಡೋಸ್ ಕೊಡಬೇಕಾ ಅಂತ ಕೇಳಿ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತು ಎರಡು ಸೇರಿಸಿ ಕೊಡಬೇಡಿ.


ಮಳೆಬಿಲ್ಲು

ಮಂಗಳವಾರ ಅಮ್ಮನನ್ನು ಎಲೆಕ್ಟ್ರೋಫಿಸಿಯಾಲಜಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಇಲ್ಲಿ ನೀವೆಲ್ಲ ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡಿದ್ದೆ. ಅವರು ಬೇಸರ ಮಾಡಿಕೊಳ್ಳದೆ ಒಂದೊಂದಕ್ಕೂ ಉತ್ತರ ಕೊಟ್ಟರು. ಸೋಟಲಾಲ್ ಬೇಡವೇ ಬೇಡ ಅಂದರು. ಹಳೆಯ ಇಸಿಜಿ ನೋಡಿ, ಶುರುವಿನಲ್ಲೇ ಕ್ಯೂಟಿಸಿ 452 ಇತ್ತು ಅಂತ ತೋರಿಸಿದರು. ಆ ಕಾಗದ ನನ್ನ ಹತ್ತಿರವೇ ಇತ್ತು, ಎರಡು ವರ್ಷದಿಂದ.

ಈಗಿನದು 438. ಪೊಟ್ಯಾಸಿಯಂ 4.3. ಕ್ರಿಯಾಟಿನಿನ್ 1.0. ಸದ್ಯಕ್ಕೆ ಬಡಿತದ ಲಯ ಸರಿ ಮಾಡುವ ಮಾತ್ರೆ ಇಲ್ಲ. ವೇಗ ಹಿಡಿದಿಡಲು ಮೆಟೊಪ್ರೊಲಾಲ್ 25, ಹೆಪ್ಪುಗಟ್ಟದಿರಲು ಎಪಿಕ್ಸಾಬಾನ್. ಫಿಬ್ರಿಲೇಶನ್ ಮತ್ತೆ ಮತ್ತೆ ಬಂದು ಸುಸ್ತು ಮಾಡಿದರೆ ಅಬ್ಲೇಶನ್, ಅಂದರೆ ತಪ್ಪು ವಿದ್ಯುತ್ ಹುಟ್ಟುವ ಜಾಗವನ್ನು ಸುಮ್ಮನಾಗಿಸುವ ಚಿಕಿತ್ಸೆ, ಬಗ್ಗೆ ಯೋಚಿಸೋಣ ಅಂದರು. ಹುಟ್ಟಿನಿಂದಲೇ ಕ್ಯೂಟಿ ಉದ್ದ ಇರುವ ಕಾಯಿಲೆ ಮನೆತನದಲ್ಲಿ ಇದೆಯಾ ಅಂತ ನನಗೂ ತಮ್ಮನಿಗೂ ಒಂದೊಂದು ಇಸಿಜಿ ಮಾಡಿಸಲು ಹೇಳಿದ್ದಾರೆ.

ಅಮ್ಮನ ಪರ್ಸಿನಲ್ಲಿ ಒಂದು ಚೀಟಿ ಇಟ್ಟಿದ್ದೇನೆ. "ಸೋಟಲಾಲ್‌ನಿಂದ ಟಾರ್ಸಾಡ್ಸ್ ಆಗಿದೆ. ಕ್ಯೂಟಿ ಹೆಚ್ಚಿಸುವ ಔಷಧಿ ಕೊಡುವ ಮುಂಚೆ ಇಸಿಜಿ ನೋಡಿ." ಅಮ್ಮ ಅದನ್ನು ಓದಿ, ಅಕ್ಷರ ಇನ್ನೂ ದೊಡ್ಡದಾಗಿರಲಿ ಅಂದಳು. ದೊಡ್ಡದಾಗಿ ಬರೆದುಕೊಟ್ಟೆ.

ನಿನ್ನೆ ರಾತ್ರಿ ಎದೆ ಹದಿನೈದು ನಿಮಿಷ ಓಡಿತಂತೆ. ನನ್ನನ್ನು ಎಬ್ಬಿಸಲಿಲ್ಲ. ಅದಕ್ಕೆ ಜಗಳವಾಡಿದೆ.


ಸಂಜೆನಡಿಗೆ

ಅಮ್ಮ ಚೆನ್ನಾಗಿರುವುದು ಓದಿ ಸಮಾಧಾನವಾಯಿತು ಮಳೆಬಿಲ್ಲು.

ಅಪ್ಪನನ್ನು ಗುರುವಾರ ಕರೆದುಕೊಂಡು ಹೋಗಿದ್ದೆ. ಕ್ಯೂಟಿಸಿ 468. ಅಮಿಯೊಡರೋನ್‌ಗೆ ಇಷ್ಟು ನಿರೀಕ್ಷಿತವೇ ಅಂದರು. ಥೈರಾಯ್ಡ್ ಮತ್ತು ಲಿವರ್‌ಗೆ ರಕ್ತ ಕೊಟ್ಟಿದ್ದಾರೆ, ಎಕ್ಸ್‌ರೇ ಆಗಿದೆ. ಔಷಧಿ_ಕೌಂಟರ್ ಅಕ್ಕ, ರಿಪೋರ್ಟ್ ಸೋಮವಾರ ಬರುತ್ತದೆ. ಬಂದ ಕೂಡಲೇ ಇಲ್ಲಿ ಹಾಕುತ್ತೇನೆ.